ಅತ್ತರಿನವನ ಕಾಗದ

ತೆಳು ಕಾಗದಕ್ಕಿಂತ ದಪ್ಪ ಕಾಗದದಲ್ಲಿ ಗುಂಡುಸೂಜಿ ಚೆನ್ನಾಗಿ ನಿಲ್ಲುತ್ತದೆ. ಹೂಂಗುಟ್ಟಪ್ಪನ ಭಾನುವಾರ ಹಾಳಾಗಿದ್ದು ಇಷ್ಟು ಸಣ್ಣ ಕಾರಣಕ್ಕೆ.

ಹೂಂಗುಟ್ಟಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅವನಿದ್ದ ನಾಲ್ಕು ಮಹಡಿಯ ಕಟ್ಟಡದವರೆಲ್ಲ ಸೇರಿ ದಯಪಾಲಿಸಿದ್ದು. ಯಾರು ಏನು ಕೇಳಿದರೂ ಅವನ ಉತ್ತರ ಒಂದೇ, "ಹೂಂ." ಮಳೆ ಬರುತ್ತಾ? ಹೂಂ. ನಲ್ಲಿ ಕೆಟ್ಟಿದೆಯಾ? ಹೂಂ. ಕೆಳಮನೆಯ ಪುಟ್ಟ ಹುಡುಗಿ ಒಮ್ಮೆ ಪರೀಕ್ಷೆ ಮಾಡೋಣವೆಂದು "ಅಂಕಲ್, ನೀವು ಕತ್ತೆನಾ?" ಎಂದು ಕೇಳಿದಾಗಲೂ, ಹೂಂ. ಕನ್ನಡಕದ ಅಂಗಡಿಯೊಂದರಲ್ಲಿ ಪರದೆಯ ಹಿಂದೆ ಕುಳಿತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವನ ಕೆಲಸ. ಹನ್ನೊಂದು ವರ್ಷದ ಹಿಂದೆ ಮಾಲೀಕರು ಒಂದೇ ಒಂದು ದಿನ ಅವನನ್ನು ಕೌಂಟರಿನಲ್ಲಿ ನಿಲ್ಲಿಸಿ ನೋಡಿದ್ದರು. ಗಿರಾಕಿಯೊಬ್ಬರು ಹೊಸ ಚೌಕಟ್ಟು ಏರಿಸಿಕೊಂಡು, "ಇದ್ರಲ್ಲಿ ನಾನು ಗೂಬೆ ಥರ ಕಾಣ್ತೀನೇನ್ರೀ?" ಎಂದರು. ಇವನು "ಹೂಂ" ಎಂದ. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಅವನು ಪರದೆಯ ಹಿಂದಕ್ಕೆ ಹೋದ. ಅವನಿಗೆ ಬೇಕಿದ್ದುದೂ ಅದೇ. ಅಲ್ಲಿ ಉಜ್ಜುವ ಯಂತ್ರದ ಸದ್ದಿನಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ.

ಇಂಥವನು ಒಂದು ಕಾಲದಲ್ಲಿ ಬರೀ ಮಾತಿನಿಂದ ಕೋಟೆ ಗೆದ್ದಿದ್ದ ಎಂದರೆ ನೀವು ನಂಬಲಿಕ್ಕಿಲ್ಲ. ಆದರೂ ಗೆದ್ದಿದ್ದ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಬೇಕರಿಯೊಂದರ ಮೇಲಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ನಡುವೆ, ಪ್ರತಿ ಭಾನುವಾರ ನಾಲ್ಕು ಜನ ಗೆಳೆಯರು ಸೇರುತ್ತಿದ್ದರು. ಕ್ಯಾಲೆಂಡರಿನ ಬೆನ್ನ ಮೇಲೆ ಬರೆದ ರಾಜ್ಯದ ನಕ್ಷೆ, ಮೂಲೆಯಲ್ಲಿ ಚೂರು ಒಡೆದಿದ್ದ ಇಪ್ಪತ್ತು ಮುಖದ ದಾಳ, ಒಂದು ಬಿಸ್ಕತ್ತಿನ ಡಬ್ಬಿ, ಸಾಮಾನು ಇಷ್ಟೇ. ಒಬ್ಬ ಸೂತ್ರಧಾರ ಕೂತು ಕತೆ ಕಟ್ಟುತ್ತಾ ಹೋಗುತ್ತಿದ್ದ: ಕಾಡು, ಕೋಟೆ, ರಾಕ್ಷಸ, ಕಳ್ಳದಾರಿ. ಮಿಕ್ಕ ಮೂವರಿಗೆ ಒಂದೊಂದು ವೇಷ. ಆ ವೇಷದ ಬಲ, ಬುದ್ಧಿ, ಆದ ಗಾಯ ಎಲ್ಲವೂ ಒಂದು ಕಾಗದದಲ್ಲಿ ಅಂಕಿಗಳಾಗಿ ಇರುತ್ತಿತ್ತು. ಏನು ಸಾಹಸ ಮಾಡಬೇಕೆಂದರೂ ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಗೆದ್ದೆ, ಕಡಿಮೆ ಬಿದ್ದರೆ ಕೆಟ್ಟೆ. ಬೇಕರಿಯವರ ಮಗ ಮಂತ್ರವಾದಿ. ಯಾವ ಮಂತ್ರವೂ ಅವನಿಗೆ ಸಮಯಕ್ಕೆ ನೆನಪಾಗುತ್ತಿರಲಿಲ್ಲ. ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ ಹುಡುಗಿ ಕೊಡಲಿ ಹಿಡಿದ ದೈತ್ಯೆ. ಹೂಂಗುಟ್ಟಪ್ಪ ಆರಿಸಿಕೊಂಡಿದ್ದು ಅತ್ತರು ಮಾರುವವನ ವೇಷ.

ಅತ್ತರಿನವನಿಗೆ ಕತ್ತಿ ಇಲ್ಲ, ಗುರಾಣಿ ಇಲ್ಲ. ರಾಣಿಯಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರ ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಲು ಬಗ್ಗಿದಾಗ ಒಂದು ಮಾತು ಉಸುರುವುದು, ಅಷ್ಟೇ ಅವನ ಆಯುಧ. ಮೊದಮೊದಲು ಆ ಮಾತನ್ನು ಬಾಯಿಬಿಟ್ಟು ಹೇಳಲು ಇವನಿಗೆ ನಾಚಿಕೆಯಾಗುತ್ತಿತ್ತು. ಸೂತ್ರಧಾರ ಪಾಪ ಎಂದು ಒಂದು ದಾರಿ ಮಾಡಿಕೊಟ್ಟ: ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕು, ದಾಳ ಉರುಳಿಸು, ಹೆಚ್ಚು ಬಿದ್ದಷ್ಟೂ ಹೆಚ್ಚು ಜನ ನಂಬುತ್ತಾರೆ. ಹೀಗೆ ಇವನು ಬರೆದ "ಕೋಟೆಯ ಬಾವಿ ನೀರು ಕುಡಿದವರ ಕೂದಲು ಉದುರುತ್ತಂತೆ" ಎಂಬ ಒಂದೇ ಚೀಟಿಗೆ ಮುನ್ನೂರು ಸೈನಿಕರು ಬೆಳಗಾಗುವುದರೊಳಗೆ ಕೋಟೆ ಬಿಟ್ಟು ಓಡಿದ್ದರು. ವರ್ಷ ತುಂಬುವಷ್ಟರಲ್ಲಿ ಅವನು ಚೀಟಿ ಹಾಕಿದ ಮೇಲೆ ಎದ್ದು ನಿಂತು, ಕೈ ಆಡಿಸುತ್ತಾ, ಅಂತೆಕಂತೆಗಳನ್ನು ಗಟ್ಟಿಯಾಗಿ ಹೇಳತೊಡಗಿದ್ದ. ಅವನ ಇಡೀ ಬದುಕಿನಲ್ಲಿ ಮೂರು ಜನ ಅವನ ಬಾಯಿಯನ್ನೇ ನೋಡುತ್ತಾ ಕುಳಿತದ್ದು ಆ ಕೋಣೆಯಲ್ಲಿ ಮಾತ್ರ.

ಆಟ ಮುಗಿಯಲಿಲ್ಲ, ನಿಂತಿತು. ಬಸ್ ಡಿಪೋದಲ್ಲಿ ಸಮಯ ಬರೆಯುವ ಕೆಲಸದಲ್ಲಿದ್ದ ಸೂತ್ರಧಾರನಿಗೆ ವರ್ಗವಾಯಿತು. ಕೊನೆಯ ದಿನ ಅತ್ತರಿನವನ ಹಿಂದೆ ರಾಣಿಯ ಕೊಲೆಗಡುಕರು ಬಿದ್ದಿದ್ದರು; ಕೆಳಗೆ ಸಾಮಾನು ತುಂಬಿದ ಲಾರಿ ಹಾರ್ನ್ ಹೊಡೆಯುತ್ತಿತ್ತು. ಇವನು ಅವಸರದಲ್ಲಿ ಏನೋ ಗೀಚಿ, ಚೀಟಿ ಮಡಿಸಿ ಡಬ್ಬಿಗೆ ಹಾಕಿ ದಾಳ ಉರುಳಿಸಿದ. ಇಪ್ಪತ್ತು! ನಾಲ್ವರೂ ಕಿರುಚಿದ ರಭಸಕ್ಕೆ ಒಲೆ ಸಿಡಿಯಿತೆಂದು ಬೇಕರಿಯ ಯಜಮಾನರು ಮೇಲೆ ಓಡಿ ಬಂದಿದ್ದರು. ಚೀಟಿ ಬಿಚ್ಚಲು ಸಮಯವಾಗಲಿಲ್ಲ. ಆ ದಿನದ ಬ್ರೆಡ್ಡಿನ ವಾಸನೆ, ಕಿಟಕಿಯ ಬಿಸಿಲು, ಲಾರಿಯ ಬಣ್ಣ ಎಲ್ಲ ಅವನಿಗೆ ನೆನಪಿತ್ತು. ಚೀಟಿಯಲ್ಲಿ ಏನು ಬರೆದಿದ್ದ ಎಂಬುದೊಂದು ಮಾತ್ರ ಮರೆತಿತ್ತು.

ಈಗ ಸೂತ್ರಧಾರ ಮತ್ತೆ ಇದೇ ಊರಿಗೆ ಬಂದಿದ್ದ. ಹಿಂದಿನ ವಾರ ಫೋನು ಮಾಡಿ, "ಭಾನುವಾರ ನಾಲ್ಕು ಗಂಟೆ, ಅದೇ ಕೋಣೆ. ಡಬ್ಬಿ ನನ್ನ ಹತ್ರ ಭದ್ರವಾಗಿದೆ. ನಿಮ್ಮ ನಿಮ್ಮ ಕಾಗದ ತನ್ನಿ. ನಿಯಮ ಗೊತ್ತಲ್ಲ?" ಎಂದಿದ್ದ. ನಿಯಮ ಎಲ್ಲರಿಗೂ ಗೊತ್ತಿತ್ತು. ಕಾಗದ ತಾರದವನ ವೇಷ ಸತ್ತಂತೆ ಲೆಕ್ಕ. ಅವನು ಆವತ್ತಿನಿಂದ ಮೌನವ್ರತದ ಗಾಡಿಯವನಾಗಿ, ಉಳಿದವರ ಗಂಟುಮೂಟೆ ಹೊತ್ತ ಎತ್ತಿನ ಗಾಡಿ ಹೊಡೆಯಬೇಕು. ಗಾಡಿಯವನು ತುಟಿ ಪಿಟಕ್ಕೆನ್ನುವಂತಿಲ್ಲ.

ಭಾನುವಾರ ಬೆಳಿಗ್ಗೆ ಹೂಂಗುಟ್ಟಪ್ಪ ಸಂಭ್ರಮದಿಂದ ಮೇಜಿನ ಖಾನೆ ಎಳೆದ. ಕಾಗದ ಇರಲಿಲ್ಲ.

"ಲೇ, ಇಲ್ಲೊಂದು ದಪ್ಪ ಕಾಗದ ಇತ್ತಲ್ಲ?"

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಅದಾ? ಮೂರನೇ ಮಹಡಿ ಹೆಡ್‌ನರ್ಸಮ್ಮನ ಕೋಟಿನ ಅಳತೆ ಬರೆದು, ಕೋಟಿಗೆ ಗುಂಡುಸೂಜಿ ಚುಚ್ಚಿ ಕಳಿಸಿದೆ. ತೆಳು ಕಾಗದ ಹರಿದುಹೋಗುತ್ತೆ. ಮೇಲಿನ ತುದಿ ವಕ್ರವಾಗಿತ್ತು, ನೀಟಾಗಿ ಕತ್ತರಿಸಿದ್ದೀನಿ."

ವಕ್ರವಾದ ಆ ತುದಿಯಲ್ಲೇ 'ಅತ್ತರಿನವ' ಎಂಬ ಹೆಸರಿತ್ತು.

ಅವನು ಎರಡೆರಡು ಮೆಟ್ಟಿಲು ಹಾರಿ ಮೂರನೇ ಮಹಡಿಗೆ ಓಡಿದ. ನಿವೃತ್ತಿಯಾದ ಮೇಲೂ ಹೆಡ್‌ನರ್ಸಮ್ಮನಿಗೆ ಇಡೀ ಕಟ್ಟಡವೇ ಒಂದು ವಾರ್ಡು. ಬಾಗಿಲು ತೆರೆದವರೇ ಅವನ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದರು.

"ಮೆಟ್ಟಿಲು ಯಾಕ್ರೀ ಹತ್ತಿದ್ರಿ? ನೋಡಿ, ಹೇಗೆ ಹೊಡ್ಕೊಳ್ತಾ ಇದೆ! ಕೂತ್ಕೊಳ್ಳಿ."

"ಅದು... ಕಾಗದ..."

"ನೋಡಿದೆ. ಅಳತೆ ಸರಿ ಇದೆಯಾ ಅಂತ ತಿರುವಿದ್ರೆ ಹಿಂದುಗಡೆ ನಿಮ್ಮ ರಿಪೋರ್ಟು! ಮೂವತ್ತು ವರ್ಷ ಸರ್ವೀಸಲ್ಲಿ ಇಂಥದ್ದು ನೋಡಿರಲಿಲ್ಲ. ತೋಳ್ಬಲ ಆರಂತೆ. ವಿಷ ತಡೆಯೋ ಶಕ್ತಿ ಬರೀ ಎರಡಂತೆ. ಮಾತು ನೋಡಿದ್ರೆ ಹದಿನೆಂಟಕ್ಕೆ ಏರಿ ಕೂತಿದೆ! ಅದಕ್ಕೇ ಪಾಪ ನಿಮಗೆ ಬಾಯಿ ಬರಲ್ಲ, ಎಲ್ಲಾ ಒಳಗೇ ಕಟ್ಕೊಂಡಿದೆ."

ಅವನು ಬಾಯಿ ತೆರೆದ. ಆಟ, ವೇಷ, ದಾಳ, ಎಲ್ಲಿಂದ ಶುರುಮಾಡಬೇಕೆಂದು ತೋಚಲಿಲ್ಲ. ಹೆಡ್‌ನರ್ಸಮ್ಮ ದನಿ ತಗ್ಗಿಸಿದರು.

"ಕೊನೇಲಿ 'ಉಳಿದ ಜೀವ ನಾಲ್ಕು' ಅಂತ ಬರೆದುಬಿಟ್ಟಿದ್ದಾರಲ್ಲ. ನಾಲ್ಕು ವರ್ಷವಾ?"

"ಹೂಂ," ಎಂದಿತು ಅವನ ಬಾಯಿ, ಇಪ್ಪತ್ತು ವರ್ಷದ ಅಭ್ಯಾಸದಂತೆ.

"ಅಥವಾ ನಾಲ್ಕು ತಿಂಗಳಾ?"

"ಹೂ... ಅಲ್ಲ, ಅದು..."

"ಬೇಡ, ಆಯಾಸ ಮಾಡ್ಕೋಬೇಡಿ. ಕಾಗದ ನನ್ನ ಹತ್ರ ಇಲ್ಲ. ಸಂಘದವರಿಗೆ ತಿಳಿಸಬೇಕಲ್ವಾ, ಕಾರ್ಯದರ್ಶಿಗೆ ಕೊಟ್ಟೆ." ಹೀಗೆಂದು ಅವರು ಅವನ ನಾಲಿಗೆ ಚಾಚಿಸಿ ನೋಡಿದರು, ಬೆನ್ನಿಗೆ ಕಿವಿ ಕೊಟ್ಟು ಕೇಳಿದರು, ಯಾವುದೋ ಕಹಿ ಕುಡಿಸಿದರು. ಅಲ್ಲಿಂದ ಅವನು ಹೊರಬಿದ್ದಾಗ ಹನ್ನೊಂದು ಗಂಟೆ.

ಸಂಘದ ಕಾರ್ಯದರ್ಶಿ ನೆಲಮಹಡಿಯಲ್ಲಿ ಫಲಕಕ್ಕೆ ಹೊಸ ಪ್ರಕಟಣೆ ಅಂಟಿಸುತ್ತಿದ್ದರು. 'ನಮ್ಮ ಪ್ರೀತಿಯ ನಿವಾಸಿಯೊಬ್ಬರ ದೇಹಸ್ಥಿತಿ ನಾಜೂಕಾಗಿರುವುದರಿಂದ ಮಕ್ಕಳು ಮೆಟ್ಟಿಲಲ್ಲಿ ಚೆಂಡು ಆಡಬಾರದು.' ಚೆಂಡಿನ ಮೇಲೆ ಕಾರ್ಯದರ್ಶಿಗೆ ಆರು ತಿಂಗಳಿಂದ ಕಣ್ಣಿತ್ತು, ಈಗ ತಕ್ಕ ಕಾರಣ ಸಿಕ್ಕಿತ್ತು.

"ಬನ್ನಿ, ಬನ್ನಿ," ಎಂದು ಅವನನ್ನು ಹೂವಿನಂತೆ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. "ನಾಲ್ಕು ವಾರವಂತೆ? ಧೈರ್ಯವಾಗಿರಿ. ಹೇಗೂ ಬಂದಿದ್ದೀರಿ, ಒಂದು ಕೆಲಸ ಮುಗಿಸಿಬಿಡೋಣ. ನಿಮ್ಮ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದಿಟ್ಕೊಂಡಿದ್ರೆ ಆಮೇಲೆ ಅವಸರ ಆಗಲ್ಲ. ಹೋದ ಸಲ ಎರಡನೇ ಮಹಡಿ ತಾತ ಇದ್ದಕ್ಕಿದ್ದಂತೆ ಹೋದಾಗ ನಾನು ಬರಿಗೈಲಿ ನಿಂತ್ಕೊಂಡು ತೊದಲಬೇಕಾಯ್ತು. ಹೇಳಿ, ನಿಮ್ಮಲ್ಲಿ ಮುಖ್ಯವಾದ ಗುಣ ಯಾವುದು? 'ಮಿತಭಾಷಿ' ಅಂತ ಹಾಕಲಾ?"

"ಹೂಂ. ಅಲ್ಲ, ಕಾಗದ..."

"ಕಾಗದ ಬಿಳೀದೇ ತಗೊಂಡಿದ್ದೀನಿ. 'ಯಾರಿಗೂ ಎದುರಾಡಿದವರಲ್ಲ', ಸರಿನಾ?"

ಎದುರಾಡಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೆಂದು ದೇವರಿಗೇ ಗೊತ್ತು. ಎರಡು ಪುಟದ ಶ್ರದ್ಧಾಂಜಲಿಯನ್ನು ಕಾರ್ಯದರ್ಶಿ ಎರಡು ಸಲ ಓದಿ ಹೇಳಿದರು. ಎರಡನೆಯ ಸಲ ಓದುವಾಗ ಅವರಿಗೇ ಅಳು ಬಂತು. ನೀರು ಕೊಟ್ಟು ಸಮಾಧಾನ ಮಾಡಬೇಕಾದವನು ಹೂಂಗುಟ್ಟಪ್ಪನೇ. ಕೊನೆಗೆ ಮೂಗು ಒರೆಸಿಕೊಳ್ಳುತ್ತಾ ಅವರು, "ಕಾಗದ ನಿಮ್ಮ ಅಂಗಡಿ ಮಾಲೀಕರಿಗೆ ಕೊಟ್ಟು ಬಂದೆ. ಕೆಲಸ ಕೊಟ್ಟವರಿಗೆ ಗೊತ್ತಿರಬೇಕಲ್ವಾ," ಎಂದರು.

ಅವನು ಮನೆಗೆ ಹೋಗಿ ಊಟ ಮಾಡಲು ಕೂತರೆ ಬಾಗಿಲಲ್ಲಿ ಜನ. ಒಬ್ಬರು ದಿಂಬು ತಂದರು, ಒಬ್ಬರು ಕೋಲು ತಂದರು. 'ನೀವು ಕತ್ತೆನಾ' ಎಂದು ಕೇಳಿದ್ದ ಹುಡುಗಿ ತನ್ನ ಚೆಂಡನ್ನೇ ತಂದು, "ಸಾರಿ ಅಂಕಲ್," ಎಂದು ಅವನ ತೊಡೆಯ ಮೇಲಿಟ್ಟು ಹೋದಳು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, "ಏನ್ರೀ ಇದು? ನಾಲ್ಕು ದಿನವಂತೆ, ನಂಗೊಂದು ಮಾತೂ ಹೇಳಿಲ್ಲ?" ಎಂದಳು. "ಇಲ್ಲ ಕಣೇ, ಅದು ಆಟದ ಕಾಗದ," ಎಂದು ಅವಳೊಬ್ಬಳಿಗೆ ಹೇಗೋ ಹೇಳಿದ. ಅವಳು ಬಿದ್ದು ಬಿದ್ದು ನಕ್ಕಳು. ಗಡಿಯಾರ ಮೂರು ಹೊಡೆಯಿತು. ಅವನು ಚೆಂಡನ್ನು ಅವಳ ಕೈಗಿಟ್ಟು ಓಡಿದ.

ಅಂಗಡಿಯಲ್ಲಿ ಮಾಲೀಕರು ಕಾಗದವನ್ನು ಭೂತಗನ್ನಡಿಯ ಕೆಳಗಿಟ್ಟು ನೋಡುತ್ತಿದ್ದರು. ಅವನನ್ನು ಕಂಡು ಅವರ ಕಣ್ಣು ತುಂಬಿತು.

"ಹನ್ನೊಂದು ವರ್ಷ ಗಾಜಿನ ಪುಡಿ ಕುಡಿದೆಯಲ್ಲೋ! ನಾಳೆ ನನ್ನ ಭಾವನ ಆಸ್ಪತ್ರೆಗೆ ಈ ಕಾಗದ ತೋರಿಸ್ತೀನಿ. ಅಲ್ಲೀವರೆಗೂ ಇದು ನನ್ನ ಬೀಗದಲ್ಲೇ ಇರಲಿ." ಬೀಗದಕೈ ಗೊಂಚಲು ಝಣ್ ಎಂದಿತು.

ಗೋಡೆ ಗಡಿಯಾರದಲ್ಲಿ ಮೂರೂ ಇಪ್ಪತ್ತು. ನಲವತ್ತು ನಿಮಿಷಕ್ಕೆ ಅತ್ತರಿನವ ಸಾಯುತ್ತಾನೆ. ಹೂಂಗುಟ್ಟಪ್ಪನಿಗೆ ಅಳು ಬರುವಂತಾಯಿತು. ಕೋಟೆ, ಕಾಡು, ರಾಣಿ, ಆ ಕೋಣೆಯ ಬಿಸಿಲು, ಎಲ್ಲರೂ ತನ್ನ ಬಾಯಿ ನೋಡುತ್ತಿದ್ದ ಆ ಸಂಜೆಗಳೆಲ್ಲ ಒಂದು ಕಬ್ಬಿಣದ ಖಾನೆಯೊಳಗೆ ಹೋಗಿಬಿಡುತ್ತವೆ. ಹಾಗೆ ನಿಂತಿದ್ದವನಿಗೆ ಏನಾಯಿತೋ, ಅವನು ಒಂದು ಹೆಜ್ಜೆ ಮುಂದೆ ಬಂದ. ಮಾಲೀಕರ ಕಿವಿಯ ಹಿಂದೆ ಅತ್ತರು ಹಚ್ಚುವವನಂತೆ ಮೆಲ್ಲಗೆ ಬಗ್ಗಿದ.

"ಸಾರ್, ಆ ಕಾಗದ ನನ್ನದಲ್ಲವಂತೆ."

"ಆಂ? ಮತ್ಯಾರದು?"

ಅವನು ಬಾಗಿಲ ಕಡೆ ನೋಡಿ, ಮತ್ತಷ್ಟು ಬಗ್ಗಿದ. "ಎದುರು ಬೀದಿ ಕನ್ನಡಕದ ಅಂಗಡಿಯವರದಂತೆ. ನನ್ನ ಹೆಂಡತಿ ಹತ್ರ ಪ್ಯಾಂಟು ಹೊಲಿಸೋಕೆ ಕೊಟ್ಟಿದ್ರಲ್ಲ, ಜೇಬಲ್ಲಿತ್ತಂತೆ. ಹೆಸರಿರೋ ತುದಿ ಅವರೇ ಕತ್ತರಿಸಿದ್ದಂತೆ, ಯಾರಿಗೂ ತಿಳೀಬಾರದು ಅಂತ. ಅಂಗಡಿ ಮಾರಿ ತಮ್ಮನ ಊರಿಗೆ ಹೋಗ್ತಾರಂತೆ. ಗಿರಾಕಿಗಳೆಲ್ಲ ಇನ್ನು ಯಾರ ಹತ್ರ ಬರ್ತಾರೋ, ದೇವರೇ ಬಲ್ಲ. ಪಾಪ, ಈಗ ಕಾಗದಕ್ಕೆ ಮನೆಯೆಲ್ಲ ಹುಡುಕ್ತಾ ಇದ್ದಾರಂತೆ. ನಮ್ಮ ಕೈಲಿದೆ ಅಂತ ಗೊತ್ತಾದ್ರೆ ಚೆನ್ನಾಗಿರಲ್ಲ, ಸಾರ್."

ಮಾಲೀಕರ ಮುಖದಲ್ಲಿ ದುಃಖ ಮತ್ತು ಸಂತೋಷ ಎರಡೂ ಒಂದೇ ಬೆಂಚಿನಲ್ಲಿ ಜಾಗಕ್ಕೆ ಒದ್ದಾಡಿದವು. ಅವರು ಕಾಗದವನ್ನು ತಾವೇ ಮಡಿಸಿ, ಅವನ ಜೇಬಿಗೆ ತುರುಕಿ, "ಓಡು, ಇದ್ದ ಜಾಗದಲ್ಲೇ ಇಟ್ಟುಬಿಡು," ಎಂದು ಬಾಗಿಲವರೆಗೆ ತಳ್ಳಿಕೊಂಡು ಬಂದರು. ಆಮೇಲೆ ಅವನನ್ನು ಮೇಲಿನಿಂದ ಕೆಳಗೆ ಒಂದು ಬಗೆಯಾಗಿ ನೋಡಿದರು. ಅವನಿಗೆ ಆ ನೋಟವನ್ನು ಗಮನಿಸುವ ವ್ಯವಧಾನ ಇರಲಿಲ್ಲ.

ಬೇಕರಿಗೆ ಓಡುವಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಗೆದ್ದಿದ್ದ! ದಾಳವಿಲ್ಲದೆ, ಚೀಟಿಯಿಲ್ಲದೆ, ನಿಜವಾದ ಒಂದು ಕಿವಿಯ ಮುಂದೆ ಗೆದ್ದಿದ್ದ. ಆರೋಗ್ಯವಂತ ಮನುಷ್ಯನೊಬ್ಬನಿಗೆ ಕಾಯಿಲೆ ಅಂಟಿಸಿದೆನಲ್ಲ ಎಂದು ಮನಸ್ಸು ಚುಚ್ಚಿತು, ನಿಜ. ಆದರೆ ಆ ಚುಚ್ಚಿನ ಪಕ್ಕದಲ್ಲೇ ಇಪ್ಪತ್ತೆರಡು ವರ್ಷದಿಂದ ಕಾಣದ ಒಂದು ಖುಷಿಯೂ ಕುಣಿಯುತ್ತಿತ್ತು.

ಮೇಲಿನ ಕೋಣೆ ಹಾಗೇ ಇತ್ತು. ಮೂಟೆಗಳು ಅವೇ ಇರಲಿಕ್ಕಿಲ್ಲ, ಆದರೆ ಅದೇ ಜಾಗದಲ್ಲಿದ್ದವು. ಬೇಕರಿಯವನ ತಲೆಯಲ್ಲಿ ಕೂದಲಿರಲಿಲ್ಲ. ಕೋಟೆಯ ಬಾವಿ ನೀರು ಕುಡಿದಿರಬೇಕೆಂದು ಹಲ್ಲಿನ ಡಾಕ್ಟರಮ್ಮ ಆಗಲೇ ಹಾಸ್ಯ ಮಾಡಿದ್ದಳು. ಮೂವರೂ ತಮ್ಮ ಕಾಗದಗಳನ್ನು ಮೊಳದುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿ ಓದುತ್ತಿದ್ದರು. ಮೂವರಿಗೂ ಎಷ್ಟು ನಂಬರಿನ ಗಾಜು ಬೇಕೆಂದು ಹೂಂಗುಟ್ಟಪ್ಪ ಬಾಗಿಲಲ್ಲೇ ಲೆಕ್ಕ ಹಾಕಿದ. ನಾಲ್ಕು ಗಂಟೆಗೆ ಎರಡು ನಿಮಿಷವಿತ್ತು. ಕಾಗದ ತೆಗೆದು ಮೇಜಿನ ಮೇಲೆ ಬಡಿದ.

"ಅತ್ತರಿನವ ಬದುಕಿದ್ದಾನೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಕಾಗದ ತಿರುಗಿಸಿ, "ಎದೆ ನಲವತ್ತು, ಸೊಂಟ ಮೂವತ್ತೆಂಟು. ದಪ್ಪ ಆಗಿದ್ದಾನೆ," ಎಂದಳು. ಅವನು ಆ ದಿನದ ಕತೆಯನ್ನೆಲ್ಲ ಎದ್ದು ನಿಂತು, ಕೈ ಆಡಿಸುತ್ತಾ ಹೇಳಿದ. ಮೂವರೂ ಅವನ ಬಾಯನ್ನೇ ನೋಡುತ್ತಾ, ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಗಿನಿಂದ ಬ್ರೆಡ್ಡಿನ ವಾಸನೆ ಬಂತು. ಇಪ್ಪತ್ತೆರಡು ವರ್ಷ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಸರಿ, ನಿಲ್ಲಿಸಿದ ಕಡೆಯಿಂದ," ಎಂದು ಸೂತ್ರಧಾರ ಬಿಸ್ಕತ್ತಿನ ಡಬ್ಬಿ ತೆರೆದ. "ಕೊನೇ ಚೀಟಿ ಅತ್ತರಿನವನದು. ದಾಳದಲ್ಲಿ ಇಪ್ಪತ್ತು ಬಿದ್ದಿತ್ತು. ಅಂದ್ರೆ ರಾಜ್ಯಕ್ಕೆ ರಾಜ್ಯವೇ ನಂಬಿದೆ." ಹಳದಿಯಾಗಿದ್ದ ಚೀಟಿಯನ್ನು ಬಿಚ್ಚಿದ. ಓದಿದ. ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದ. ಬೇಕರಿಯವನಿಗೆ ಕೊಟ್ಟ. ಬೇಕರಿಯವನು ಡಾಕ್ಟರಮ್ಮನಿಗೆ ಕೊಟ್ಟ. ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಚೀಟಿಯನ್ನು ಹೂಂಗುಟ್ಟಪ್ಪನ ಮುಂದಿಟ್ಟಳು.

ಅವನದೇ ಅಕ್ಷರ. 'ಅತ್ತರಿನವ ನಿನ್ನೆ ಸಂಜೆ ಹೊಳೆಗೆ ಬಿದ್ದು ಸತ್ತನಂತೆ.'

ಕೊಲೆಗಡುಕರು ಹಿಂದಿರುಗಲಿ ಎಂದು ಬರೆದದ್ದು! ಈಗ ನೆನಪಾಯಿತು, ಬೆವರೂ ಬಂತು.

"ಆದ್ರೆ ನಾನು ಬದುಕಿದ್ದೀನಲ್ಲ!"

"ಇದ್ದೀಯ," ಎಂದ ಸೂತ್ರಧಾರ. "ಯಾರು ನಂಬ್ತಾರೆ?"

"ನಾನೇ ಹೋಗಿ ಹೇಳ್ತೀನಿ. ಮಾತು ಹದಿನೆಂಟಿದೆ!"

"ಸತ್ತವನು ಬಂದು ಮಾತಾಡಿದ್ರೆ ಜನ ಕೂತು ಕೇಳ್ತಾರಾ? ದೆವ್ವ ಅಂತ ಕಲ್ಲು ಹೊಡೀತಾರೆ. ಇರೋದು ನಾಲ್ಕು ಜೀವ, ಎರಡು ಕಲ್ಲಿಗೆ ಮುಗೀತು."

"ಚೀಟಿ ವಾಪಸ್ ತಗೋತೀನಿ."

ಸೂತ್ರಧಾರ ಡಬ್ಬಿಯ ಮುಚ್ಚಳ ತಿರುಗಿಸಿ ತೋರಿಸಿದ. ಒಳಬದಿಯಲ್ಲಿ, ಒಮ್ಮೆ ಬೇಕರಿಯವನ ಜೊತೆ ವಾರಗಟ್ಟಲೆ ಜಗಳವಾಡಿ ಗೆದ್ದು, ಹೂಂಗುಟ್ಟಪ್ಪ ಸ್ವಂತ ಕೈಯಿಂದ ಬರೆದ ನಿಯಮವಿತ್ತು: 'ಇಪ್ಪತ್ತು ಬಿದ್ದ ಸುದ್ದಿಯನ್ನು ಹಬ್ಬಿಸಿದವನೂ ಹಿಂತೆಗೆಯುವಂತಿಲ್ಲ.'

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು," ಎಂದ ಬೇಕರಿಯವನು. ಅವನು ಈ ಗಳಿಗೆಗಾಗಿಯೇ ಇಪ್ಪತ್ತೆರಡು ವರ್ಷ ಕಾದಂತಿತ್ತು.

ಹೂಂಗುಟ್ಟಪ್ಪ ತನ್ನ ದಪ್ಪ ಕಾಗದವನ್ನು ನಿಧಾನವಾಗಿ ಮಡಿಸಿ ಜೇಬಿಗಿಟ್ಟ. ಸೂತ್ರಧಾರ ಎತ್ತಿನ ಗಾಡಿಯ ಚಿತ್ರವಿದ್ದ ಹಳೇ ಚೂರು ಕಾಗದವನ್ನು ಅವನ ಮುಂದೆ ಸರಿಸಿದ.

"ಹೂಂ ಅನ್ನಬಹುದಾ?" ಎಂದು ಕೇಳಿದ ಅವನು.

ಮೂವರೂ ಮುಖ ಮುಖ ನೋಡಿಕೊಂಡರು. "ಹೂಂ ಅನ್ನಬಹುದು," ಎಂದು ತೀರ್ಪಾಯಿತು.

ಸಂಜೆಯವರೆಗೆ ಅವನು ಗಾಡಿ ಹೊಡೆದ. ಮಂತ್ರವಾದಿ ಮಂತ್ರ ಮರೆತ, ದೈತ್ಯೆ ಸೇತುವೆ ಮುರಿದಳು, ದಾರಿಯ ಹೋಟೆಲಿನಲ್ಲಿ ಯಾರೋ ಅತ್ತರಿನವನನ್ನು ನೆನೆದು ಕಣ್ಣೀರಿಟ್ಟರು. ಹೇಳಬೇಕಾದ ಎಷ್ಟೋ ಅಂತೆಗಳು ಅವನ ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋದವು. ದುಃಖವಾಯಿತು, ಸುಳ್ಳು ಯಾಕೆ. ಆದರೂ ಎದ್ದು ಹೋಗಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕಟ್ಟಡಕ್ಕೆ ಬಂದರೆ ಫಲಕದ ಮುಂದೆ ಗುಂಪು. ಕಾಯಿಲೆ ಅವನದಲ್ಲವೆಂಬ ಸುದ್ದಿ ಆಗಲೇ ಬಂದು ಮುಟ್ಟಿತ್ತು. "ಹಾಗಾದ್ರೆ ನಿಮಗೆ ಏನೂ ಆಗಿಲ್ವಾ?" ಎಂದು ಹೆಡ್‌ನರ್ಸಮ್ಮ ತುಸು ಬೇಸರದಿಂದಲೇ ಕೇಳಿದರು. ಕಾರ್ಯದರ್ಶಿ ಎರಡು ಪುಟದ ಶ್ರದ್ಧಾಂಜಲಿಯನ್ನು, ಇರಲಿ ಯಾವತ್ತಾದರೂ ಬೇಕಾಗುತ್ತದೆಂದು ಜೋಪಾನವಾಗಿ ಮಡಿಸಿಟ್ಟುಕೊಂಡರು. ಮೆಟ್ಟಿಲ ಮೇಲೆ ಅಂಗಡಿಯ ಮಾಲೀಕರು ಕುಳಿತಿದ್ದರು. ಅವನನ್ನು ಕಂಡದ್ದೇ ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದರು.

"ಎದುರು ಬೀದಿಯವರನ್ನ ನೋಡಿ ಬಂದೆ. ಗುಂಡುಕಲ್ಲಿನ ಹಾಗಿದ್ದೀನಿ ಅಂತಾರೆ, ಪಾಪ! ಅವರ ಮನೆಯವರೇ ನಂಬ್ತಾ ಇಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋದ್ರು."

"ಸಾರ್, ಅದು ನಿಜವಾಗ್ಲೂ..."

"ಅದಿರಲಿ. ನಾನು ಬಂದದ್ದು ನಿನ್ನ ವಿಷಯಕ್ಕೆ. ಎಂಥ ಮಾತೋ ನಿಂದು! ಕಿವಿಯ ಹತ್ರ ಬಗ್ಗಿ ನೀನು ಹೇಳಿದ್ದು ಕೇಳಿ ನನ್ನ ಕೂದಲು ನಿಂತಿತು. ಇಂಥ ಬಾಯಿನ ಹನ್ನೊಂದು ವರ್ಷ ಪರದೆ ಹಿಂದೆ ಕೂರಿಸಿದ್ದೆನಲ್ಲ! ನಾಳೆಯಿಂದ ಯಂತ್ರ ಮುಟ್ಟಬೇಡ. ಕೌಂಟರಿಗೆ ನಿಂತ್ಕೋ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ, ಬಂದ ಗಿರಾಕಿ ಹೊರಗೆ ಹೋಗಬಾರದು, ಮಾತಾಡ್ತಾನೇ ಇರಬೇಕು. ಆಗುತ್ತಲ್ಲ?"

ಹೂಂಗುಟ್ಟಪ್ಪನ ಬಾಯಿ ತೆರೆಯಿತು. ಆಗುವುದಿಲ್ಲ ಎಂದು ಹೇಳಲು ನೂರು ಕಾರಣಗಳಿದ್ದವು.

"ಹೂಂ," ಎಂದ.